5 ವೋಲ್ಟ್ ಬೋರ್ಡನ್ನು 3.3ಕ್ಕೆ ಇಳಿಸುವಾಗ ಯಾವ ತಂತಿ ಎಲ್ಲಿ ಕೈಕೊಡುತ್ತದೆ?

ತಾಮ್ರದೆಳೆ (ಪ್ರಶ್ನೆ)

ನಮಸ್ಕಾರ. ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ ಇಟ್ಟುಕೊಂಡು 16 ಮೆಗಾಹರ್ಟ್ಸ್‌ನಲ್ಲಿ, ಪೂರ್ತಿ 5 ವೋಲ್ಟಿನಲ್ಲಿ ಓಡುವ ಪಂಪ್ ಕಂಟ್ರೋಲರ್ ಬೋರ್ಡೊಂದನ್ನು ಎಸ್‌ಟಿಎಂ32ಎಫ್103ಸಿ8ಗೆ ಬದಲಿಸಬೇಕಿದೆ. ಮೆಮೊರಿ ಸಾಲುತ್ತಿಲ್ಲ, ಅದೊಂದೇ ಕಾರಣ. ಸುತ್ತಲಿನ ಭಾಗಗಳೆಲ್ಲ ಸರಿಯಾಗಿಯೇ ಇವೆ. ಆದರೆ ಹೊಸ ಚಿಪ್ಪಿನ ಸಪ್ಲೈ ಮಿತಿ 2.0ರಿಂದ 3.6 ವೋಲ್ಟ್.

ಈಗ ಬೋರ್ಡಿನಲ್ಲಿ ಇರುವುದು: 4 ಬಿಟ್ ಮೋಡ್‌ನಲ್ಲಿ ಎಚ್‌ಡಿ44780 ಮಾದರಿಯ 16×2 ಎಲ್‌ಸಿಡಿ, 3 ವೋಲ್ಟ್ ಬಟನ್ ಸೆಲ್ ಜೊತೆ ಡಿಎಸ್1307 ಗಡಿಯಾರ (ಪುಲ್‌ಅಪ್, ಅಂದರೆ ತಂತಿಯನ್ನು ಸಪ್ಲೈನತ್ತ ಎಳೆದಿಡುವ ರೆಸಿಸ್ಟರ್, 4.7ಕೆ, 5 ವೋಲ್ಟಿಗೆ), ಆರ್‌ಎಸ್485 ಬಸ್ಸಿಗೆ ಮ್ಯಾಕ್ಸ್485, ತಾಪಮಾನಕ್ಕೆ ಎಲ್‌ಎಂ35, 12 ವೋಲ್ಟ್ 2 ಆಂಪ್ ಪಂಪಿಗೆ ಪಿನ್ನಿನಿಂದ ನೇರ ಗೇಟ್ ಕೊಟ್ಟಿರುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್), ಸ್ಥಿತಿ ತೋರಿಸಲು 8 ಡಬ್ಲ್ಯುಎಸ್2812ಬಿ ಬಣ್ಣದ ಎಲ್‌ಇಡಿ, ಮತ್ತು 2 ಮೀಟರ್ ಕೇಬಲ್‌ನಲ್ಲಿ 5 ವೋಲ್ಟ್ ಪಲ್ಸ್ ಕೊಡುವ ಹರಿವಿನ ಸೆನ್ಸರ್. 12 ವೋಲ್ಟಿನಿಂದ 7805 ರೆಗ್ಯುಲೇಟರ್ ಮೂಲಕ 5 ವೋಲ್ಟ್.

ಎಲ್ಲವನ್ನೂ 3.3ಕ್ಕೆ ತರಬೇಕೇ, ಎರಡು ಸಪ್ಲೈ ಇಟ್ಟುಕೊಳ್ಳಬೇಕೇ? ಪ್ರತಿ ತಂತಿಗೂ ಟಿಎಕ್ಸ್‌ಬಿ0108 ಇರುವ 8 ಚಾನೆಲ್ ಲೆವೆಲ್ ಶಿಫ್ಟರ್ (ಸಿಗ್ನಲ್ಲಿನ ವೋಲ್ಟೇಜ್ ಮಟ್ಟ ಬದಲಿಸುವ ಬೋರ್ಡು) ಹಾಕಿದರೆ ಸಾಕೇ? ಡೇಟಾಶೀಟಿನಲ್ಲಿ ಕೆಲವು ಪಿನ್ನುಗಳ ಮುಂದೆ "ಎಫ್‌ಟಿ" ಎಂದಿದೆ. ಅವಕ್ಕೆ 5 ವೋಲ್ಟ್ ನೇರವಾಗಿ ಕೊಡಬಹುದೇ? ಮತ್ತೆ, ತಯಾರಕರು 5 ವೋಲ್ಟನ್ನು ಯಾಕೆ ಕೈಬಿಡುತ್ತಿದ್ದಾರೆ ಎಂಬುದೂ ಗೊತ್ತಾದರೆ ಒಳ್ಳೆಯದು.

---

ಬೆಸುಗೆಕಡ್ಡಿ

ಬೋರ್ಡನ್ನು ಇಡಿಯಾಗಿ ನೋಡಬೇಡಿ, ತಂತಿ ತಂತಿಯಾಗಿ ನೋಡಿ. ಪ್ರತಿ ತಂತಿಗೂ ದಿಕ್ಕು ಬರೆದುಕೊಳ್ಳಿ. ಚಿಪ್ಪಿನಿಂದ ಹೊರಗೆ ಹೋಗುವ ತಂತಿಯಾದರೆ ಒಂದೇ ಪ್ರಶ್ನೆ: ಆಚೆಯವನು "ಹೈ" ಎಂದು ಒಪ್ಪಿಕೊಳ್ಳಲು ಬೇಕಾದ ಕನಿಷ್ಠ ವೋಲ್ಟೇಜ್, ಅಂದರೆ ವಿಐಎಚ್, ಎಷ್ಟು? ಒಳಗೆ ಬರುವ ತಂತಿಯಾದರೆ ಇನ್ನೊಂದು: ಈ ಪಿನ್ ಎಷ್ಟು ವೋಲ್ಟ್ ತಡೆದುಕೊಳ್ಳುತ್ತದೆ? ಎರಡು ಸಪ್ಲೈ ಇಟ್ಟುಕೊಳ್ಳಿ. ನಿಮ್ಮ ಪಟ್ಟಿಗೆ ಅದೇ ಸರಿ.

ಎಲ್‌ಸಿಡಿಯನ್ನು 5 ವೋಲ್ಟಿನಲ್ಲೇ ಬಿಡಿ. 3.3ಕ್ಕೆ ಇಳಿಸಿದರೆ ಲಾಜಿಕ್ ಓಡಿದರೂ ಕಾಂಟ್ರಾಸ್ಟ್ ಬರುವುದಿಲ್ಲ. ಗಾಜಿಗೆ ಬೇಕಾದ ವೋಲ್ಟೇಜ್ ಸಿಗದೆ ಅಕ್ಷರಗಳು ಮಸುಕಾಗುತ್ತವೆ, ಕಾಂಟ್ರಾಸ್ಟ್ ಹೊಂದಿಸುವ ವಿ0 ಪಿನ್ನಿಗೆ ಋಣ ವೋಲ್ಟೇಜ್ ಕೊಡಬೇಕಾಗುತ್ತದೆ. 5 ವೋಲ್ಟಿನಲ್ಲಿ ಎಚ್‌ಡಿ44780ರ ವಿಐಎಚ್ ಬರೀ 2.2, ಹಾಗಾಗಿ 3.3ರ ಪಿನ್ ಅದನ್ನು ಆರಾಮವಾಗಿ ನಡೆಸುತ್ತದೆ. ಓದುವುದೋ ಬರೆಯುವುದೋ ಆರಿಸುವ ಆರ್/ಡಬ್ಲ್ಯು ಪಿನ್ನನ್ನು ಗ್ರೌಂಡಿಗೆ ಕಟ್ಟಿಬಿಡಿ, ಆಗ ಡೇಟಾ ತಂತಿಗಳಲ್ಲಿ 5 ವೋಲ್ಟ್ ವಾಪಸ್ ಬರುವುದಿಲ್ಲ. ವೋಲ್ಟೇಜಿಗೆ ಸಂಬಂಧವಿಲ್ಲದ ಇನ್ನೊಂದು ಮಾತು: ಎನೇಬಲ್ ಪಲ್ಸ್ ಕನಿಷ್ಠ 230 ನ್ಯಾನೋಸೆಕೆಂಡ್ ಇರಬೇಕು. 16 ಮೆಗಾಹರ್ಟ್ಸ್‌ನಲ್ಲಿ ಕೋಡಿನ ನಿಧಾನವೇ ಅದನ್ನು ಕಾಯುತ್ತಿತ್ತು. 72 ಮೆಗಾಹರ್ಟ್ಸ್‌ನಲ್ಲಿ ಒಂದು ಸೈಕಲ್ ಸುಮಾರು 14 ನ್ಯಾನೋಸೆಕೆಂಡ್, ಅಲ್ಲಿ ಬೇಕೆಂದೇ ವಿಳಂಬ ಹಾಕಬೇಕು. ಇಲ್ಲದಿದ್ದರೆ ಕಸದ ಅಕ್ಷರ ಕಾಣುತ್ತದೆ, ತಪ್ಪನ್ನು ಲೆವೆಲ್ ಮೇಲೆ ಹೊರಿಸುತ್ತೀರಿ.

ಡಬ್ಲ್ಯುಎಸ್2812ಬಿ ಬೇರೆ ಕಥೆ. ಹಳೆಯ ಡೇಟಾಶೀಟಿನಂತೆ ಅದರ ವಿಐಎಚ್ ಸಪ್ಲೈನ 0.7 ಪಟ್ಟು, ಅಂದರೆ 5 ವೋಲ್ಟಿಗೆ 3.5. ನಿಮ್ಮ 3.3 ಅಲ್ಲಿಗೆ 0.2 ಕಡಿಮೆ. ಮೇಜಿನ ಮೇಲೆ ಓಡುತ್ತದೆ, ಪೆಟ್ಟಿಗೆಯೊಳಗೆ ಬಿಸಿಯಾದಾಗಲೋ ಸಪ್ಲೈ 5.2ಕ್ಕೆ ಏರಿದಾಗಲೋ ಬಣ್ಣ ಕುಣಿಯುತ್ತದೆ. 5 ವೋಲ್ಟ್ ಸಪ್ಲೈ ಕೊಟ್ಟ 74ಎಎಚ್‌ಸಿಟಿ125 ಬಫರ್ ಚಿಪ್ ಹಾಕಿ. ಅದರ ವಿಐಎಚ್ 2.0, ಹೊರಗೆ ಬರುವುದು ಪೂರ್ತಿ 5 ವೋಲ್ಟ್. ಹೆಸರಿನಲ್ಲಿರುವ "ಟಿ" ಅಕ್ಷರವೇ ಇಲ್ಲಿ ಮುಖ್ಯ: 74ಎಚ್‌ಸಿ125 ತಂದರೆ ಅದಕ್ಕೂ 0.7 ಪಟ್ಟೇ ಬೇಕು, ಸಮಸ್ಯೆ ಅಲ್ಲೇ ಇರುತ್ತದೆ. ಬಫರಿನ ಹೊರಗೆ 330 ಓಮ್ ಸರಣಿಯಲ್ಲಿ ಇಡಿ.

ಮ್ಯಾಕ್ಸ್485 ಬದಲು ಮ್ಯಾಕ್ಸ್3485 ಹಾಕಿ 3.3ರಲ್ಲಿ ಓಡಿಸಿ. ಕಾಲುಗಳ ಜೋಡಣೆ ಅದೇ. ಬಸ್ಸಿನಲ್ಲಿರುವ ಉಳಿದ 5 ವೋಲ್ಟ್ ಸಾಧನಗಳ ಜೊತೆ ಮಾತಾಡಲು ಅಡ್ಡಿಯಿಲ್ಲ, ಏಕೆಂದರೆ ಆರ್‌ಎಸ್485 ನೋಡುವುದು ಎರಡು ತಂತಿಗಳ ವ್ಯತ್ಯಾಸವನ್ನು.

ಡಿಎಸ್1307ನ್ನು 3.3ಕ್ಕೆ ಇಳಿಸಲೇಬೇಡಿ. ಅದರ ಸಪ್ಲೈ 4.5ರಿಂದ 5.5. ಸಪ್ಲೈ ಬ್ಯಾಟರಿಯ 1.25 ಪಟ್ಟಿಗಿಂತ ಕೆಳಗಿಳಿದರೆ ಅದು ಐ2ಸಿ (ಚಿಪ್ಪುಗಳು ಪರಸ್ಪರ ಮಾತಾಡುವ ಎರಡು ತಂತಿಯ ಬಸ್) ಬಾಗಿಲನ್ನೇ ಮುಚ್ಚುತ್ತದೆ. 3 ವೋಲ್ಟ್ ಸೆಲ್ ಇದ್ದರೆ ಆ ಗೆರೆ 3.75. ಗಡಿಯಾರ ಒಳಗೆ ಓಡುತ್ತಲೇ ಇರುತ್ತದೆ, ಆದರೆ ಉತ್ತರ ಕೊಡುವುದಿಲ್ಲ. ಚಿಪ್ ಸತ್ತಿದೆ ಎಂದು ಎಸೆಯುವವರು ಬಹಳ. ಅದನ್ನು 5 ವೋಲ್ಟಿನಲ್ಲೇ ಇಟ್ಟು ಪುಲ್‌ಅಪ್ ಮಾತ್ರ 3.3ಕ್ಕೆ ತನ್ನಿ. ಅದರ ವಿಐಎಚ್ 2.2 ಆದ್ದರಿಂದ ಲೆವೆಲ್ ಶಿಫ್ಟರ್ ಬೇಕಿಲ್ಲ. ಹೊಸದಾಗಿ ಭಾಗ ತರುವುದಾದರೆ ಡಿಎಸ್3231 ತನ್ನಿ, 2.3ರಿಂದ 5.5ರವರೆಗೆ ನಡೆಯುತ್ತದೆ.

ಎಲ್‌ಎಂ35ಕ್ಕೆ ಕನಿಷ್ಠ 4 ವೋಲ್ಟ್ ಬೇಕು, ಅದೂ 5ರಲ್ಲೇ ಇರಲಿ. ಡಿಗ್ರಿಗೆ 10 ಮಿಲಿವೋಲ್ಟ್, 100 ಡಿಗ್ರಿಗೂ 1 ವೋಲ್ಟ್ ಮಾತ್ರ, 3.3ರ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಅಪಾಯವಿಲ್ಲ. ಇಲ್ಲಿ ನಿಮಗೆ ಲಾಭವೇ ಇದೆ: ಮೊದಲು 10 ಬಿಟ್, 5 ವೋಲ್ಟ್, ಒಂದು ಮೆಟ್ಟಿಲಿಗೆ 4.88 ಮಿಲಿವೋಲ್ಟ್, ಹೆಚ್ಚುಕಡಿಮೆ ಅರ್ಧ ಡಿಗ್ರಿ. ಈಗ 12 ಬಿಟ್, 3.3 ವೋಲ್ಟ್, ಮೆಟ್ಟಿಲಿಗೆ 0.81 ಮಿಲಿವೋಲ್ಟ್. ಎಲ್‌ಎಂ35ಕ್ಕೆ ಕೆಪಾಸಿಟರ್ ಲೋಡ್ ಆಗಿಬರುವುದಿಲ್ಲ, ಆದ್ದರಿಂದ 2ಕೆ ಸರಣಿಯಲ್ಲಿ ಇಟ್ಟು ಪಿನ್ನಿನ ಬಳಿ 100 ನ್ಯಾನೋಫ್ಯಾರಡ್ ಹಾಕಿ.

ಐಆರ್‌ಎಫ್‌ಝಡ್44ಎನ್ ಅನ್ನು ತೆಗೆಯಿರಿ. ಅದರ ಥ್ರೆಶೋಲ್ಡ್ 2ರಿಂದ 4 ವೋಲ್ಟ್, ಆನ್ ರೆಸಿಸ್ಟೆನ್ಸ್ ಹೇಳಿರುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ. 5ರಲ್ಲೇ ಅದು ಅದೃಷ್ಟದ ಮೇಲೆ ನಡೆಯುತ್ತಿತ್ತು. ಬದಲಿಗೆ ಲಾಜಿಕ್ ಲೆವೆಲ್ ಐಆರ್‌ಎಲ್‌ಝಡ್44ಎನ್ ಹಾಕಿ.

---

ಅರೆವಾಹಕ

ಯಾಕೆ ಎಂಬ ಪ್ರಶ್ನೆಗೆ. ಟ್ರಾನ್ಸಿಸ್ಟರ್ ಕಿರಿದಾದಂತೆ ಅದರ ಗೇಟಿನ ಕೆಳಗಿರುವ ಆಕ್ಸೈಡ್ ಪದರವೂ ತೆಳ್ಳಗಾಗಲೇಬೇಕು, ಇಲ್ಲದಿದ್ದರೆ ಗೇಟಿಗೆ ಚಾನೆಲ್ ಮೇಲೆ ಹಿಡಿತ ಸಿಗುವುದಿಲ್ಲ. ತೆಳುವಾದ ಪದರಕ್ಕೆ ಅದೇ 5 ವೋಲ್ಟ್ ಕೊಟ್ಟರೆ ಒಳಗಿನ ವಿದ್ಯುತ್ ಕ್ಷೇತ್ರ ಮಿತಿ ಮೀರಿ ಪದರ ತೂತಾಗುತ್ತದೆ. 0.35 ಮೈಕ್ರಾನ್ ಪ್ರಕ್ರಿಯೆಗೆ 3.3, 0.25ಕ್ಕೆ 2.5, 0.18ಕ್ಕೆ 1.8 ವೋಲ್ಟ್ ಎಂದು ವಾಡಿಕೆಯಾದದ್ದು ಹೀಗೆ. ನಿಮ್ಮ ಎಫ್103ರ ಒಳಗಿನ ಕೋರ್ ಕೂಡ 3.3ರಲ್ಲಿ ಓಡುವುದಿಲ್ಲ. ಒಳಗೊಂದು ರೆಗ್ಯುಲೇಟರ್ 1.8 ಮಾಡಿಕೊಡುತ್ತದೆ. ಆರ್‌ಪಿ2040 ಎಂಬ ಇನ್ನೊಂದು ಮೈಕ್ರೋಕಂಟ್ರೋಲರಿನಲ್ಲಿ ಅದು 1.1. ಹೊರಗೆ ಕಾಣುವ 3.3 ಬರೀ ಪಿನ್ನುಗಳ ವೋಲ್ಟೇಜ್, ಅವುಗಳ ಟ್ರಾನ್ಸಿಸ್ಟರಿಗೆ ದಪ್ಪ ಆಕ್ಸೈಡ್ ಬೇರೆಯಾಗಿ ಬೆಳೆಸಿರುತ್ತಾರೆ. ಇನ್ನೂ ದಪ್ಪವಾಗಿ 5 ವೋಲ್ಟಿಗೆ ಬೆಳೆಸಬಹುದು, ಆದರೆ ಹೆಚ್ಚು ಜಾಗ, ಹೆಚ್ಚು ಹಂತ.

ವಿದ್ಯುತ್ ಉಳಿತಾಯದ ಬಗ್ಗೆ ಎಲ್ಲರೂ ಹೇಳುವ ಲೆಕ್ಕದಲ್ಲಿ ಒಂದು ತಪ್ಪಿದೆ. ಸಿಮಾಸ್‌ನ (ಇಂಥ ಚಿಪ್ಪುಗಳೊಳಗಿನ ಟ್ರಾನ್ಸಿಸ್ಟರ್ ಬಗೆ) ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತ, 5ರಿಂದ 3.3ಕ್ಕೆ ಇಳಿದರೆ ಶೇ 44ಕ್ಕೆ ಇಳಿಯಿತು ಎನ್ನುತ್ತಾರೆ. ಚಿಪ್ಪಿನೊಳಗೆ ಅದು ನಿಜ. ಆದರೆ ಆ 3.3ನ್ನು 5ರಿಂದ ಲೀನಿಯರ್ ರೆಗ್ಯುಲೇಟರ್ ಮೂಲಕ ಮಾಡಿದರೆ 5 ವೋಲ್ಟ್ ಸಪ್ಲೈ ಕಾಣುವುದು ಕರೆಂಟನ್ನು ಮಾತ್ರ. ಕರೆಂಟ್ ಇಳಿಯುವುದು ಶೇ 66ಕ್ಕೆ. ಉಳಿದ 1.7 ವೋಲ್ಟ್ ರೆಗ್ಯುಲೇಟರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಪೂರ್ತಿ ಲಾಭ ಬೇಕಾದರೆ ಬಕ್ ಕನ್ವರ್ಟರ್ (ಸ್ವಿಚಿಂಗ್ ರೆಗ್ಯುಲೇಟರ್) ಹಾಕಬೇಕು.

ನಿಮ್ಮ ಕಾರಣ ಮೆಮೊರಿ ಮಾತ್ರವಾದರೆ 5 ವೋಲ್ಟಿನಲ್ಲೇ ಉಳಿಯುವ ದಾರಿಯೂ ಇದೆ. ಎವಿಆರ್128ಡಿಬಿ28 ಎಂಬ ಮೈಕ್ರೋಕಂಟ್ರೋಲರ್ 1.8ರಿಂದ 5.5 ವೋಲ್ಟ್‌ವರೆಗೆ ಎಲ್ಲೆಡೆ 24 ಮೆಗಾಹರ್ಟ್ಸ್ ಓಡುತ್ತದೆ, 128 ಕಿಲೋಬೈಟ್ ಫ್ಲ್ಯಾಶ್, 16 ಕಿಲೋಬೈಟ್ ರ್‍ಯಾಮ್. ಅದರ ಪೋರ್ಟ್ ಸಿಗೆ ಪ್ರತ್ಯೇಕ ಸಪ್ಲೈ ಪಿನ್ ಇದೆ. ಅಲ್ಲಿ 3.3 ಕೊಟ್ಟರೆ ಆ ಪೋರ್ಟ್ ಮಾತ್ರ 3.3ರಲ್ಲಿ ಮಾತಾಡುತ್ತದೆ, ಉಳಿದದ್ದು 5ರಲ್ಲಿ. ಅರ್ಧಕ್ಕಿಂತ ಹೆಚ್ಚು ಭಾಗಗಳು 5 ವೋಲ್ಟ್ ಕೇಳುವ ನಿಮ್ಮಂಥ ಬೋರ್ಡಿಗೆ ನಾನು ಅದನ್ನೇ ಆರಿಸುತ್ತೇನೆ. ಹಳೆಯ 328ಪಿಯನ್ನೇ 3.3ಕ್ಕೆ ಇಳಿಸುವ ಯೋಚನೆ ಮಾತ್ರ ಬೇಡ: 2.7 ವೋಲ್ಟಿಗೆ 10, 4.5ಕ್ಕೆ 20 ಮೆಗಾಹರ್ಟ್ಸ್ ಎಂಬ ಗೆರೆಯಲ್ಲಿ 3.3ಕ್ಕೆ ಸಿಗುವುದು ಸುಮಾರು 13. ನಿಮ್ಮ 16ರ ಕ್ರಿಸ್ಟಲ್ ಅಲ್ಲಿ ಮಿತಿಯ ಹೊರಗೆ.

---

ಸ್ಕೋಪ್‌ಕಣ್ಣು

ಬೆಸುಗೆಕಡ್ಡಿಯವರ ಉತ್ತರದಲ್ಲಿ ಎರಡು ಕಡೆ ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದು ಮಾಸ್‌ಫೆಟ್. ಐಆರ್‌ಎಲ್‌ಝಡ್44ಎನ್‌ನ ಡೇಟಾಶೀಟಿನಲ್ಲಿ ಆನ್ ರೆಸಿಸ್ಟೆನ್ಸ್ 10, 5 ಮತ್ತು 4 ವೋಲ್ಟಿಗೆ ಮಾತ್ರ ಕೊಟ್ಟಿದೆ. 3.3ಕ್ಕೆ ಯಾವ ಭರವಸೆಯೂ ಇಲ್ಲ. "ಲಾಜಿಕ್ ಲೆವೆಲ್" ಎಂಬ ಹೆಸರು 5 ವೋಲ್ಟ್ ಲಾಜಿಕ್ ಕಾಲದ್ದು. ಥ್ರೆಶೋಲ್ಡ್ 1ರಿಂದ 2 ಎಂದಿರುವುದನ್ನು ನೋಡಿ ನೆಮ್ಮದಿಯಾಗಬೇಡಿ. ಅದು 250 ಮೈಕ್ರೋಆಂಪ್ ಹರಿಯಲು ಶುರುವಾಗುವ ವೋಲ್ಟೇಜ್, 2 ಆಂಪ್ ಹೊರುವ ವೋಲ್ಟೇಜ್ ಅಲ್ಲ. 2.5 ವೋಲ್ಟಿಗೆ ರೆಸಿಸ್ಟೆನ್ಸ್ ಬರೆದಿರುವ ಭಾಗ ಹುಡುಕಿ. ಎಒ3400ಎ ಆದರೆ 2.5 ವೋಲ್ಟಿಗೆ ಗರಿಷ್ಠ 48 ಮಿಲಿಓಮ್, 2 ಆಂಪಿಗೆ 0.19 ವ್ಯಾಟ್, ಎಸ್‌ಒಟಿ23 ಪ್ಯಾಕೇಜು ತಾಮ್ರದ ಪ್ಯಾಡ್ ಸ್ವಲ್ಪ ಅಗಲವಿದ್ದರೆ ತಡೆದುಕೊಳ್ಳುತ್ತದೆ. 30 ವೋಲ್ಟಿನ ಭಾಗ, ಆದ್ದರಿಂದ ಪಂಪಿಗೆ ಅಡ್ಡಲಾಗಿ ಶಾಟ್ಕಿ ಡಯೋಡ್ ತಪ್ಪಿಸಬೇಡಿ. ಪಂಪ್ ಶುರುವಾಗುವಾಗಿನ ಕರೆಂಟ್ 2 ಆಂಪಿಗಿಂತ ಬಹಳ ಹೆಚ್ಚಿದ್ದರೆ ಎಸ್‌ಒಟಿ23 ಸಾಲದು. ಆಗ ಐಆರ್‌ಎಲ್‌ಝಡ್44ಎನ್ ಅನ್ನೇ ಇಟ್ಟುಕೊಂಡು 74ಎಎಚ್‌ಸಿಟಿ125ರಲ್ಲಿ ಖಾಲಿ ಇರುವ ಇನ್ನೊಂದು ಚಾನೆಲ್ಲಿನಿಂದ ಗೇಟಿಗೆ ಪೂರ್ತಿ 5 ವೋಲ್ಟ್ ಕೊಡಿ. ಅಲ್ಲಿ 25 ಮಿಲಿಓಮ್ ಭರವಸೆ ಇದೆ. ಹಾಗೆ ಮಾಡಿದರೆ ಬಫರಿನ ಇನ್‌ಪುಟ್‌ನಿಂದ ಗ್ರೌಂಡಿಗೆ 10ಕೆ ಬೇಕೇ ಬೇಕು. ರೀಸೆಟ್‌ನಲ್ಲಿ ಎಸ್‌ಟಿಎಂ32ರ ಪಿನ್ನುಗಳು ತೇಲುತ್ತಿರುತ್ತವೆ, ತೇಲುವ ಇನ್‌ಪುಟ್ ಪಂಪನ್ನು ತಾನೇ ಚಾಲೂ ಮಾಡಿಬಿಡಬಹುದು. ಬಳಸದ ಚಾನೆಲ್ಲುಗಳ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಕಟ್ಟಿ.

ಎರಡನೆಯದು ಎಲ್‌ಸಿಡಿ. ಆರ್/ಡಬ್ಲ್ಯು ಗ್ರೌಂಡಾದರೆ 5 ವೋಲ್ಟ್ ವಾಪಸ್ ಬರುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಎಚ್‌ಡಿ44780ರ ಡೇಟಾ ಪಿನ್ನುಗಳಿಗೂ ಆರ್‌ಎಸ್ ಪಿನ್ನಿಗೂ ಒಳಗೇ ಪುಲ್‌ಅಪ್ ಇದೆ, ಸಾಮಾನ್ಯವಾಗಿ ಪಿನ್ನಿಗೆ 125 ಮೈಕ್ರೋಆಂಪ್. ನಿಮ್ಮ ಚಿಪ್ ರೀಸೆಟ್‌ನಲ್ಲಿದ್ದಾಗ ಈ ಐದು ತಂತಿಗಳು 5 ವೋಲ್ಟಿನತ್ತ ಏರುತ್ತವೆ. ತಂತಿ ಎಫ್‌ಟಿ, ಅಂದರೆ 5 ವೋಲ್ಟ್ ತಾಳುವ, ಪಿನ್ನಿಗೆ ಹೋಗಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಪಿನ್ನಿನ ರಕ್ಷಣಾ ಡಯೋಡ್ ಮೂಲಕ ಐದೂ ಸೇರಿ ಸುಮಾರು 0.6 ಮಿಲಿಆಂಪ್ ನಿಮ್ಮ 3.3ರ ಸಪ್ಲೈಗೆ ನುಗ್ಗುತ್ತದೆ.

ಸಪ್ಲೈಗೆ ನುಗ್ಗಿದರೆ ಏನಾಯಿತು? ಇದೇ ಇಡೀ ವಿಷಯದಲ್ಲಿ ಜನ ಹೆಚ್ಚು ಎಡವುವ ಜಾಗ. ಲೀನಿಯರ್ ರೆಗ್ಯುಲೇಟರ್ ಕರೆಂಟ್ ಕೊಡಬಲ್ಲದು, ಹೀರಿಕೊಳ್ಳಲಾರದು. ಚಿಪ್ 30 ಮಿಲಿಆಂಪ್ ತಿನ್ನುತ್ತಿರುವಾಗ ಹೊರಗಿನಿಂದ ಬಂದ 0.6 ಅದರಲ್ಲೇ ಕರಗಿಹೋಗುತ್ತದೆ. ಸ್ಟಾಪ್ ಮೋಡ್‌ಗೆ (ಚಿಪ್ಪಿನ ನಿದ್ದೆಯ ಸ್ಥಿತಿ) ಹೋದಾಗ ಚಿಪ್ಪಿನ ಹಸಿವು ಕೆಲವು ಹತ್ತು ಮೈಕ್ರೋಆಂಪ್. ಆಗ ಬರುವುದು ಹೋಗುವುದಕ್ಕಿಂತ ಹೆಚ್ಚಾಗಿ 3.3 ಎಂಬ ಸಪ್ಲೈ ಮೆಲ್ಲಗೆ 3.6, 4.0 ದಾಟಿ ಮೇಲೇರುತ್ತದೆ. ಎಫ್103ರ ಸಪ್ಲೈಗೆ ತಾಳಿಕೆಯ ಕೊನೆ 4.0. "1ಕೆ ಸರಣಿಯಲ್ಲಿ ಇಟ್ಟರೆ ಸಾಕು, ಒಳಗಿನ ಡಯೋಡ್ ನೋಡಿಕೊಳ್ಳುತ್ತದೆ" ಎಂಬ ಸಲಹೆಯಲ್ಲಿ ಇರುವ ಗುಂಡಿ ಇದೇ. 5 ವೋಲ್ಟಿನಿಂದ 1ಕೆ ಮೂಲಕ 1.1 ಮಿಲಿಆಂಪ್ ಬರುತ್ತದೆ, ಪಿನ್ನಿಗೆ ಅಪಾಯವಿಲ್ಲ, ಸಪ್ಲೈಗೆ ಇದೆ.

ಎಫ್‌ಟಿ ಪಿನ್ನುಗಳಿಗೂ ಮೂರು ಷರತ್ತು. ಪಿನ್ನಿನ ಒಳಗಿನ ಪುಲ್‌ಅಪ್, ಪುಲ್‌ಡೌನ್ ಆಫ್ ಇರಬೇಕು. ಎಲ್ಲ ಪಿನ್ನೂ ಎಫ್‌ಟಿ ಅಲ್ಲ: ಪಿಎ0ಯಿಂದ ಪಿಎ7, ಪಿಬಿ0, ಪಿಬಿ1, ಪಿಬಿ5, ಪಿಸಿ13ರಿಂದ ಪಿಸಿ15 ಇವು 5 ವೋಲ್ಟ್ ತಾಳುವುದಿಲ್ಲ. ಮೂರನೆಯದನ್ನು ಯಾರೂ ಓದುವುದಿಲ್ಲ: ಎಫ್‌ಟಿ ಪಿನ್ನಿನ ಗರಿಷ್ಠ ಮಿತಿ ಬರೆದಿರುವುದು "ಸಪ್ಲೈ ಜೊತೆಗೆ 4.0" ಎಂದು. 3.3 ಇನ್ನೂ ಬಂದಿಲ್ಲ, 5 ಬಂದಿದೆ ಎಂದಾಗ ಆ ಮಿತಿ 4.0 ಮಾತ್ರ. ಹಾಗಾಗಿ ಹರಿವಿನ ಸೆನ್ಸರನ್ನು ಎಫ್‌ಟಿ ಪಿನ್ನಿಗೂ ನೇರ ಕೊಡಬೇಡಿ. ಮೇಲೆ 10ಕೆ, ಕೆಳಗೆ 18ಕೆ ಡಿವೈಡರ್ ಹಾಕಿದರೆ 5ಕ್ಕೆ 3.21 ಸಿಗುತ್ತದೆ, ಚಿಪ್ಪಿಗೆ ಸಪ್ಲೈ ಇಲ್ಲದಾಗಲೂ ನುಗ್ಗುವ ಕರೆಂಟ್ ಅರ್ಧ ಮಿಲಿಆಂಪ್ ದಾಟುವುದಿಲ್ಲ. 18ಕೆಗೆ ಅಡ್ಡಲಾಗಿ 1 ನ್ಯಾನೋಫ್ಯಾರಡ್ ಇಡಿ, ಸುಮಾರು 6 ಮೈಕ್ರೋಸೆಕೆಂಡಿನ ಸೋಸು ಸಿಗುತ್ತದೆ. ಪಂಪಿನ ಪಕ್ಕ 2 ಮೀಟರ್ ಓಡುವ ಕೇಬಲ್‌ಗೆ ಅದು ಬೇಕು.

ಟಿಎಕ್ಸ್‌ಬಿ0108 ಬಗ್ಗೆ ಕೇಳಿದ್ದಿರಿ. ಅದು ಎರಡೂ ಕಡೆ ಸುಮಾರು 4 ಕಿಲೋಓಮ್ ಮೂಲಕ ಮೆಲ್ಲಗೆ ಹಿಡಿದಿರುವ ಚಿಪ್. ಪುಲ್‌ಅಪ್ ಇರುವ ತಂತಿಗೆ ಹಾಕಿದರೆ ಎರಡೂ ಕಿತ್ತಾಡಿ ಲೋ ಎಂಬುದು ಪೂರ್ತಿ ಲೋ ಆಗುವುದಿಲ್ಲ, ಐ2ಸಿಗೆ ಕೂಡದು. ಉದ್ದ ಕೇಬಲ್ಲಿನ ಪ್ರತಿಫಲನ ಕಂಡರೆ ದಿಕ್ಕನ್ನೇ ತಪ್ಪಾಗಿ ಊಹಿಸುತ್ತದೆ. ದಿಕ್ಕು ನಿಮಗೇ ಗೊತ್ತಿರುವಾಗ ಊಹಿಸುವ ಚಿಪ್ ಯಾಕೆ?

---

ತಾಮ್ರದೆಳೆ

ತುಂಬಾ ಉಪಕಾರವಾಯಿತು. ಎಫ್103ರಲ್ಲೇ ಮುಂದುವರಿಯುತ್ತೇನೆ, ಕೋಡು ಅರ್ಧ ಬರೆದಾಗಿದೆ. ಎಲ್‌ಸಿಡಿಯನ್ನು ಪಿಬಿ10ರಿಂದ ಪಿಬಿ15ಕ್ಕೆ ಸರಿಸುತ್ತೇನೆ. ಇನ್ನೆರಡು ಸಂದೇಹ. ಅದೇ ಐ2ಸಿ ಬಸ್ಸಿಗೆ 3.3ರ ಬಿಎಂಇ280 ಸೆನ್ಸರ್ ಸೇರಿಸಬೇಕಿದೆ. ಡಿಎಸ್1307 ಇರುವುದು ರೆಡಿಮೇಡ್ ಮಾಡ್ಯೂಲಿನಲ್ಲಿ, ಅದರ ಮೇಲೇ ಪುಲ್‌ಅಪ್ ಇದೆ. ಪಿಬಿ6, ಪಿಬಿ7 ಎರಡೂ ಎಫ್‌ಟಿ, ಆದ್ದರಿಂದ ಹಾಗೇ ಬಿಡಬಹುದೇ? ಮತ್ತೆ 3.3ಕ್ಕೆ ಎಎಂಎಸ್1117 ರೆಗ್ಯುಲೇಟರ್ ಸಾಕೇ?

---

ಬೆಸುಗೆಕಡ್ಡಿ

ಮಾಸ್‌ಫೆಟ್ ಮತ್ತು ಎಲ್‌ಸಿಡಿ ಎರಡರಲ್ಲೂ ಸ್ಕೋಪ್‌ಕಣ್ಣು ಹೇಳಿದ್ದೇ ಸರಿ, ನನ್ನ ಮಾತನ್ನು ಅಲ್ಲಿಗೆ ತಿದ್ದಿಕೊಳ್ಳಿ.

ಮಾಡ್ಯೂಲಿನ ಪುಲ್‌ಅಪ್‌ಗಳನ್ನು ಬಿಸಿ ಮಾಡಿ ತೆಗೆದುಬಿಡಿ. ಹಾಗೇ ಬಿಟ್ಟು 3.3ಕ್ಕೂ 4.7ಕೆ ಹಾಕಿದರೆ ಸುಮ್ಮನಿರುವ ತಂತಿ ಎರಡರ ನಡುವೆ, 4.15 ವೋಲ್ಟಿನಲ್ಲಿ ನಿಲ್ಲುತ್ತದೆ. ನಿಮ್ಮ ಚಿಪ್ ತಾಳುತ್ತದೆ, ಬಿಎಂಇ280 ತಾಳುವುದಿಲ್ಲ. ಜೊತೆಗೆ ಒಂದೊಂದು ತಂತಿಯಿಂದ 0.18 ಮಿಲಿಆಂಪ್ 3.3ರೊಳಗೆ ಸೋರುತ್ತದೆ, ಮೇಲೆ ಹೇಳಿದ ಅದೇ ತೊಂದರೆ. ಬರೀ 3.3ಕ್ಕೆ 4.7ಕೆ ಸಾಕು: ಬಸ್ಸಿನ ಕೆಪಾಸಿಟೆನ್ಸ್ 150 ಪಿಕೋಫ್ಯಾರಡ್ ಎಂದಿಟ್ಟುಕೊಂಡರೂ ಏರುವ ಸಮಯ ಸುಮಾರು 600 ನ್ಯಾನೋಸೆಕೆಂಡ್, 100 ಕಿಲೋಹರ್ಟ್ಸ್‌ಗೆ ಮಿತಿ 1000. ಡಿಎಸ್1307 ಇರುವವರೆಗೆ 400 ಕಿಲೋಹರ್ಟ್ಸ್ ಯೋಚನೆಯೇ ಬೇಡ, ಅದು 100ರದ್ದು. ಬಿಎಂಇ280 ಮಾಡ್ಯೂಲಿನಲ್ಲೂ ಪುಲ್‌ಅಪ್ ಇದ್ದರೆ ಸಮಾಂತರವಾಗಿ ಸೇರಿಸಿ ಲೆಕ್ಕ ಹಾಕಿ, ಒಟ್ಟು 1ಕೆಗಿಂತ ಕೆಳಗೆ ಹೋಗದಿರಲಿ.

ಎಎಂಎಸ್1117-3.3ಗೆ ಕನಿಷ್ಠ 1.3 ವೋಲ್ಟ್ ಹೆಚ್ಚುವರಿ ಬೇಕು. 5ರಿಂದ ಕೊಟ್ಟರೆ 1.7 ಇದೆ, ಸರಿ. 12ರಿಂದ ನೇರ ಕೊಡಬೇಡಿ, 100 ಮಿಲಿಆಂಪಿಗೇ 0.87 ವ್ಯಾಟ್ ಬಿಸಿ. ಹೊರಗೆ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಇಡಿ. ಬರೀ ಸೆರಾಮಿಕ್ ಇಟ್ಟರೆ ರೆಗ್ಯುಲೇಟರ್ ತೂಗಾಡುವ ಸಾಧ್ಯತೆ ಇದೆ. ಒಂದು ವೇಳೆ ಮುಂದೆ ಒಂದೇ ಲಿಥಿಯಂ ಸೆಲ್ಲಿನಿಂದ ಓಡಿಸುವುದಾದರೆ ಈ ರೆಗ್ಯುಲೇಟರ್ ಬೇಡ: 4.2ರಲ್ಲೂ ಅದಕ್ಕೆ ಬೇಕಾದಷ್ಟು ಜಾಗವಿಲ್ಲ, ತನಗೇ 5 ಮಿಲಿಆಂಪ್ ತಿನ್ನುತ್ತದೆ. ಅಲ್ಲಿ ಎಂಸಿಪಿ1700 ಅಥವಾ ಎಪಿ2112ಕೆ ನೋಡಿ. ಚಿಪ್ಪಿನ ಪ್ರತಿ ಸಪ್ಲೈ ಪಿನ್ನಿಗೂ 100 ನ್ಯಾನೋಫ್ಯಾರಡ್ ಹತ್ತಿರದಲ್ಲೇ ಇರಲಿ, ಅನಲಾಗ್ ಭಾಗದ ಸಪ್ಲೈ ಆದ ವಿಡಿಡಿಎ ಪಿನ್ನನ್ನು ಮರೆಯಬೇಡಿ.

---

ಸ್ಕೋಪ್‌ಕಣ್ಣು

ಬೋರ್ಡು ಬಂದ ಮೇಲೆ ಮೂರು ಅಳತೆ ಮಾಡಿ. ಮೊದಲು ಚಿಪ್ಪನ್ನು ಸ್ಟಾಪ್ ಮೋಡ್‌ಗೆ ಕಳಿಸಿ, ಎಲ್‌ಸಿಡಿ, ಸೆನ್ಸರ್ ಎಲ್ಲ ಜೋಡಿಸಿಟ್ಟು 3.3ರ ಸಪ್ಲೈಯನ್ನು ಐದು ನಿಮಿಷ ನೋಡಿ. 3.35 ದಾಟಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಎಎಂಎಸ್1117ರ ಹೊರಗಿನ ಜಂಪರ್ ತೆಗೆದು 5 ವೋಲ್ಟನ್ನು ಮಾತ್ರ ಹಾಕಿ. ಚಿಪ್ಪಿನ ಸಪ್ಲೈ ಪಿನ್ನಿನಲ್ಲಿ ಶೂನ್ಯಕ್ಕೆ ಹತ್ತಿರ ಇರಬೇಕು. ಹರಿವಿನ ಸೆನ್ಸರಿನ ಡಿವೈಡರ್ ಮೂಲಕ ಒಂದಿಷ್ಟು ಬಂದೇ ಬರುತ್ತದೆ, ಅದನ್ನು ಬಿಚ್ಚಿಟ್ಟು ಅಳೆಯಿರಿ. ಆಗಲೂ ಒಂದು ವೋಲ್ಟಿಗಿಂತ ಹೆಚ್ಚು ಕಂಡರೆ ತಂತಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಯಾವುದು ಬಿಚ್ಚಿದಾಗ ಇಳಿಯುತ್ತದೋ ಆ ತಂತಿಯೇ ದಾರಿ. ಕೊನೆಗೆ 7805 ಬದಲು ಹೊರಗಿನ ಸಪ್ಲೈ ಕೊಟ್ಟು 5ನ್ನು 4.75ರಿಂದ 5.25ರವರೆಗೆ ಆಡಿಸಿ, ಪಂಪ್ ಆನ್ ಆಫ್ ಮಾಡುತ್ತಾ ಎಲ್‌ಇಡಿಗಳ ಬಣ್ಣವನ್ನೂ ಹರಿವಿನ ಎಣಿಕೆಯನ್ನೂ ಗಮನಿಸಿ. ಎಣಿಕೆ ಪಂಪ್ ಆನ್ ಆದ ಕ್ಷಣಕ್ಕೆ ಮಾತ್ರ ಜಿಗಿದರೆ ಅದು ಲೆವೆಲ್ಲಿನ ತಪ್ಪಲ್ಲ. ಪಂಪಿನ ಗ್ರೌಂಡ್ ಕರೆಂಟ್ ಸೆನ್ಸರಿನ ಗ್ರೌಂಡ್ ತಂತಿಯಲ್ಲಿ ಹರಿಯುತ್ತಿದೆ, ಅವೆರಡನ್ನೂ ಬೇರೆ ಬೇರೆಯಾಗಿ ತಂದು ಸಪ್ಲೈ ಕನೆಕ್ಟರಿನಲ್ಲಿ ಮಾತ್ರ ಸೇರಿಸಿ.